ಬೆಳಗಾವಿಯ ಕೋಟೆ ಯಾರದು?

ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ಪ್ರೌಢಶಾಲೆಯ ಮಕ್ಕಳನ್ನು ಶೈಕ್ಷಣಿಕ ಪ್ರವಾಸದ ನಿಮಿತ್ತ ಬೆಳಗಾವಿಯ ಕೋಟೆಗೆ ಕರೆದೊಯ್ದಿದ್ದೆ. ಕಮಲ ಬಸದಿಯನ್ನು ನೋಡಿ ಹೊರಬಂದು, ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿ ಕುಳಿತಿದ್ದಾಗ ಎಂಟನೆಯ ಇಯತ್ತೆಯ ಹುಡುಗನೊಬ್ಬನು, "ಸರ, ಈ ಕ್ವಾಟಿ ಯಾರದ್ರೀ?" ಎಂದು ಕೇಳಿದನು. ನಾನು ಪಠ್ಯಪುಸ್ತಕದ ಕ್ರಮವನ್ನೇ ಹಿಡಿದು ರಟ್ಟರು, ಸೇವುಣರು, ವಿಜಯನಗರದವರು, ಬಹಮನಿಗಳು, ಆದಿಲಶಾಹಿಗಳು, ಮೊಗಲರು, ಮರಾಠರು, ಇಂಗ್ಲಿಷರು ಎಂದು ಎಣಿಸಿದೆ. ಹುಡುಗನು ತಲೆಯಾಡಿಸಿ, "ಅಷ್ಟೂ ಮಂದಿ ಹೋದ್ರಲ್ರಿ. ಈಗ ಯಾರದು?" ಎಂದನು. ಆ ಪ್ರಶ್ನೆಗೆ ಅಂದು ನಾನು ಸಮರ್ಪಕವಾದ ಉತ್ತರ ಕೊಡಲಿಲ್ಲ. ನಿವೃತ್ತನಾದ ಮೇಲೆ ಶಾಸನಗಳನ್ನೂ ವಚನಗಳನ್ನೂ ಒಟ್ಟಿಗೆ ಓದುವ ಬಿಡುವು ದೊರೆತಿದೆ. ಆ ಹುಡುಗನಿಗೆ ಸಲ್ಲಬೇಕಾಗಿದ್ದ ಉತ್ತರವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

೧. ವೇಣುಗ್ರಾಮ

ಬೆಳಗಾವಿಯ ಪ್ರಾಚೀನ ನಾಮವು ವೇಣುಗ್ರಾಮ. ವೇಳುಗ್ರಾಮವೆಂಬ ರೂಪವೂ ಉಂಟು. ವೇಣುವೆಂದರೆ ಬಿದಿರು. ಪಶ್ಚಿಮಕ್ಕೂ ದಕ್ಷಿಣಕ್ಕೂ ಖಾನಾಪುರದ ಕಾಡು ಹಬ್ಬಿರುವ ಈ ಸೀಮೆಗೆ ಆ ಹೆಸರು ಸಹಜವಾಗಿ ಒಪ್ಪುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಈ ಭಾಗವು ಗೋವೆಯ ಕದಂಬರ ಆಳ್ವಿಕೆಯಲ್ಲಿದ್ದಿತು. ಪಲಸಿಗೆ ಪನ್ನಿಚ್ಛಾಸಿರವೂ ವೇಣುಗ್ರಾಮ ಎಪ್ಪತ್ತೂ ಅವರ ಅಧೀನದ ನಾಡುಗಳು. ಮುಂದೆ ಸುಗಂಧವರ್ತಿಯ, ಎಂದರೆ ಇಂದಿನ ಸವದತ್ತಿಯ ರಟ್ಟರು ವೇಣುಗ್ರಾಮವನ್ನು ಅವರಿಂದ ಗೆದ್ದುಕೊಂಡು ತಮ್ಮ ರಾಜಧಾನಿಯನ್ನಾಗಿ ಮಾಡಿಕೊಂಡರು.

ಕ್ರಿ.ಶ. ೧೨೦೪ರಲ್ಲಿ ನಾಲ್ಕನೆಯ ಕಾರ್ತವೀರ್ಯನು ತನ್ನ ತಮ್ಮನಾದ ಯುವರಾಜ ಮಲ್ಲಿಕಾರ್ಜುನನೊಡನೆ ವೇಣುಗ್ರಾಮದಿಂದ ಆಳುತ್ತಿದ್ದನು. ಅವನ ಮಂತ್ರಿಯಾದ ಬೀಚಿರಾಜನು ಆ ಕಾಲದಲ್ಲಿ ಕಟ್ಟಿಸಿದ ರಟ್ಟ ಜಿನಾಲಯವನ್ನೇ ಇಂದು ಜನರು ಕಮಲ ಬಸದಿಯೆಂದು ಕರೆಯುತ್ತಾರೆ. ಕೋಟೆಯ ಮೂಲ ನಿರ್ಮಾಣವೂ ಅವನದೇ ಎಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ವಿದ್ಯಾರ್ಥಿಗಳು ಇಲ್ಲಿ ಒಂದು ಹೆಸರಿನ ಗೊಂದಲವನ್ನು ಲಕ್ಷಿಸಬೇಕು. ಕೆಲವೇ ದಶಕಗಳ ತರುವಾಯ ರಟ್ಟರ ರಾಜ್ಯವನ್ನು ಕೊನೆಗಾಣಿಸಿದ ಸೇವುಣ ಸಿಂಘಣನ ದಂಡನಾಯಕನ ಹೆಸರು ಬೀಚಣ. ಬಸದಿಯನ್ನು ಕಟ್ಟಿಸಿದ ಬೀಚಿರಾಜನೂ ರಾಜ್ಯವನ್ನು ಗೆದ್ದ ಬೀಚಣನೂ ಬೇರೆ ಬೇರೆ.

ಬಸದಿಯ ಮುಖಮಂಟಪದ ನಡುಚಾವಣಿಯಿಂದ ಕಲ್ಲಿನ ಕಮಲವೊಂದು ಕೆಳಮುಖವಾಗಿ ಇಳಿದಿದೆ. ಅದರ ಎಸಳುಗಳು ಎಪ್ಪತ್ತೆರಡು. ಭೂತ, ವರ್ತಮಾನ, ಭವಿಷ್ಯತ್ತೆಂಬ ಮೂರು ಕಾಲಗಳ ಇಪ್ಪತ್ತನಾಲ್ಕು ಇಪ್ಪತ್ತನಾಲ್ಕು ತೀರ್ಥಂಕರರಿಗೆ ಇವು ಸಲ್ಲುತ್ತವೆ. ಗರ್ಭಗೃಹದಲ್ಲಿರುವವನು ನೇಮಿನಾಥ. ಎದುರಿಗೆ ಚಿಕ್ಕಿ ಬಸದಿಯೆಂಬ ಇನ್ನೊಂದು ಜಿನಾಲಯವು ಹಾಳುಬಿದ್ದು ನಿಂತಿದೆ. ಕಂಬಗಳ ನುಣುಪೂ ಚಾವಣಿಯ ಕೆತ್ತನೆಯೂ ಚಾಲುಕ್ಯ ಕಾಲದ ಶಿಲ್ಪಪರಂಪರೆಯನ್ನು ಮುಂದುವರಿಸಿವೆ.

ಈ ಜಿನಾಲಯಕ್ಕೆ ಬಿಟ್ಟ ದತ್ತಿಗಳನ್ನು ತಿಳಿಸುವ ೧೨೦೪ರ ಎರಡು ಶಾಸನಗಳು ಇಂದು ಬೆಳಗಾವಿಯಲ್ಲಿಲ್ಲ. ಲಂಡನ್ನಿನ ಬ್ರಿಟಿಷ್ ಮ್ಯೂಜಿಯಮ್ಮಿನಲ್ಲಿವೆ. ಅವುಗಳ ಪಾಠವನ್ನು ಬಾರ್ನೆಟ್ ಎಂಬ ವಿದ್ವಾಂಸರು ಎಪಿಗ್ರಾಫಿಯಾ ಇಂಡಿಕಾದಲ್ಲಿ ಪ್ರಕಟಿಸಿದರು. ಶುಭಚಂದ್ರ ಭಟ್ಟಾರಕರು ದತ್ತಿಯನ್ನು ಸ್ವೀಕರಿಸಿದ ಆಚಾರ್ಯರು. ದತ್ತಿಗೆ ಕೈಗೂಡಿಸಿದವರಲ್ಲಿ ನಾಡವರ್ತಕರಲ್ಲದೆ ಲಾಳ ದೇಶದ, ಎಂದರೆ ಗುಜರಾತಿನ ವ್ಯಾಪಾರಿಗಳೂ ಮಲೆಯಾಳದ ವ್ಯಾಪಾರಿಗಳೂ ಇದ್ದರು. ವೇಣುಗ್ರಾಮವು ಅಂದೇ ಹಲವು ನಾಡಿನವರು ನೆಲೆನಿಂತ ಪೇಟೆಯಾಗಿದ್ದಿತೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಇದು ಹೊರಗಿನವರು ಬಂದು ಕೆಡಿಸಿದ ಊರು, ಹಿಂದೆ ಒಂದೇ ಜನದ್ದಾಗಿತ್ತು ಎಂದು ಯಾರಾದರೂ ಹೇಳಿದರೆ, ಆ ಮಾತಿಗೆ ೧೨೦೪ರ ಶಾಸನದ ಸಮ್ಮತಿಯಿಲ್ಲ.

ರಟ್ಟರ ಆಸ್ಥಾನವು ಕನ್ನಡ ಸಾಹಿತ್ಯಕ್ಕೂ ಆಶ್ರಯವಿತ್ತಿತು. 'ಪಾರ್ಶ್ವನಾಥ ಪುರಾಣ'ವನ್ನು ೧೨೨೨ರಲ್ಲಿ ರಚಿಸಿದ ಪಾರ್ಶ್ವಪಂಡಿತನು ಈ ಕಾರ್ತವೀರ್ಯನ ಆಶ್ರಿತನು. ಅದಕ್ಕೂ ಹಿಂದೆ 'ಲೀಲಾವತಿ ಪ್ರಬಂಧ'ವನ್ನು ಬರೆದ ನೇಮಿಚಂದ್ರನಿಗೂ ರಟ್ಟರ ಆಶ್ರಯವಿದ್ದಿತು. ಬನವಾಸಿಯ ಕದಂಬ ರಾಜಕುಮಾರನೊಬ್ಬನು ಆ ಕಾವ್ಯದ ನಾಯಕನೆಂಬುದು ಇಲ್ಲಿ ನೆನೆಯತಕ್ಕ ಸಂಗತಿ.

೨. ಮಸೀದಿಯ ಎರಡು ಕಂಬಗಳು

ಸೇವುಣರ ತರುವಾಯ ಕೋಟೆಯು ವಿಜಯನಗರದ ಕೈಸೇರಿತು. ೧೪೭೨-೭೩ರಲ್ಲಿ ಬಹಮನಿ ಸುಲ್ತಾನ ಮೂರನೆಯ ಮಹಮ್ಮದ ಶಹನೂ ಅವನ ವಜೀರನಾದ ಮಹಮೂದ ಗವಾನನೂ ಕೋಟೆಗೆ ಮುತ್ತಿಗೆ ಹಾಕಿ ಗೆದ್ದುಕೊಂಡರು. ಈ ಮುತ್ತಿಗೆಯಲ್ಲಿ ಗೋಡೆಯ ಬುಡಕ್ಕೆ ಸುರಂಗ ತೋಡಿ ಮದ್ದು ಸಿಡಿಸಿದರೆಂದು ಫೆರಿಸ್ತನು ಬರೆದಿದ್ದಾನೆ. ಬೀದರಿನಲ್ಲಿ ಪ್ರಸಿದ್ಧವಾದ ಮದರಸವನ್ನು ಕಟ್ಟಿಸಿದವನೂ ಇದೇ ಗವಾನನು. ವಿದ್ಯಾಲಯವನ್ನು ಕಟ್ಟಿಸಿದ ಕೈಯೇ ಕೋಟೆಯನ್ನು ಒಡೆಯಿತು. ಚರಿತ್ರೆಯ ವ್ಯಕ್ತಿಗಳನ್ನು ಒಂದೇ ಮಾತಿನಲ್ಲಿ ತೂಗುವುದು ಸರಿಯಲ್ಲವೆಂಬುದಕ್ಕೆ ಇದೊಂದು ನಿದರ್ಶನ. ಬಹಮನಿ ರಾಜ್ಯವು ಒಡೆದ ಮೇಲೆ ಬೆಳಗಾವಿಯು ವಿಜಾಪುರದ ಆದಿಲಶಾಹಿಗಳಿಗೆ ಸಂದಿತು. ಅವರ ಕಾಲದಲ್ಲಿಯೇ ಕೋಟೆಯು ಇಂದಿನ ಬಲಿಷ್ಠ ರೂಪವನ್ನು ಪಡೆಯಿತು. ಸುಮಾರು ಸಾವಿರ ಗಜ ಉದ್ದ, ಏಳೆಂಟು ನೂರು ಗಜ ಅಗಲವಾದ ಅಂಡಾಕಾರದ ಆವರಣ; ಸುತ್ತಲೂ ಅಗಲವಾದ ಕಂದಕ.

ಕೋಟೆಯೊಳಗಿನ ಸಫಾ ಮಸೀದಿಯನ್ನು ೧೫೧೯ರಲ್ಲಿ ಅಸದಖಾನ ಲಾರಿಯು ಕಟ್ಟಿಸಿದನು. ಈ ಮಸೀದಿಯ ಕಂಬಗಳಲ್ಲಿ ಎರಡರ ಮೇಲೆ ಶಾಸನಗಳಿವೆ. ಒಂದು ೧೧೯೯ರದು, ರಟ್ಟ ಕಾರ್ತವೀರ್ಯನ ಕಾಲದ್ದು. ಇನ್ನೊಂದು ೧೨೬೧ರದು, ಸೇವುಣ ಕೃಷ್ಣನ ಕಾಲದ್ದು. ಇವೆರಡರ ಭಾಷೆ ಕನ್ನಡ, ಲಿಪಿಯು ನಾಗರಿ.

ಈ ಒಂದು ಸಂಗತಿಯ ಮೇಲೆ ಸಾಹಿತ್ಯದ ವಿದ್ಯಾರ್ಥಿಗಳು ಸ್ವಲ್ಪ ಹೊತ್ತು ನಿಲ್ಲಬೇಕೆಂದು ನನ್ನ ವಿನಂತಿ. ನಮ್ಮ ಸೀಮೆಯಲ್ಲಿ ಅಂಗಡಿಯ ಬೋರ್ಡಿನ ಅಕ್ಷರವನ್ನು ನೋಡಿಯೇ ಅಂಗಡಿಕಾರನ ಭಾಷೆಯನ್ನೂ ಮನಸ್ಸನ್ನೂ ನಿರ್ಧರಿಸಿಬಿಡುವ ರೂಢಿ ಬೆಳೆದಿದೆ. ಆದರೆ ಎಂಟುನೂರು ವರ್ಷಗಳ ಹಿಂದಿನ ಈ ಕಂಬದ ಮುಂದೆ ಆ ರೂಢಿಯು ನಿಲ್ಲುವುದಿಲ್ಲ. ನಾಗರಿಯನ್ನು ಕಂಡು ಇದು ತಮ್ಮದೆನ್ನುವವರು ಓದತೊಡಗಿದರೆ ಕನ್ನಡ ಕೇಳಿಸುತ್ತದೆ. ಕನ್ನಡವೆಂದು ಹಿಗ್ಗುವ ನಾವು ಅಕ್ಷರವನ್ನು ನೋಡಿದರೆ ನಾಗರಿ ಕಾಣಿಸುತ್ತದೆ. ಇವೆರಡನ್ನೂ ಹೊತ್ತ ಕಂಬವು ಮಸೀದಿಯ ಮಾಡನ್ನು ಎತ್ತಿ ಹಿಡಿದಿದೆ.

ಈ ಕಂಬಗಳು ಮೊದಲು ಮಸೀದಿಗಾಗಿ ಕಡೆದವಲ್ಲ. ಹಿಂದಿನ ಕಟ್ಟಡಗಳಿಂದ ಬಂದವು. ಇಲ್ಲಿ ನೂರೆಂಟು ಬಸದಿಗಳಿದ್ದುವೆಂಬ ಐತಿಹ್ಯವೂ ಜನರಲ್ಲಿದೆ. ಸಂಖ್ಯೆಯು ಐತಿಹ್ಯದ್ದೇ ಆದರೂ ಹಿಂದಿನ ಪೂಜಾಸ್ಥಾನಗಳ ಕಲ್ಲುಗಳು ಹೊಸ ಕಟ್ಟಡಗಳಲ್ಲಿ ಸೇರಿದ್ದು ನಿಜ. ಈ ಮಾತನ್ನು ಮುಚ್ಚಿಡುವುದು ಚರಿತ್ರೆಗೆ ಮಾಡುವ ಅಪಚಾರವಾಗುತ್ತದೆ. ಆದರೆ ಇದನ್ನು ಹೇಳಿ ಇಲ್ಲಿಗೇ ನಿಲ್ಲಿಸಿದರೂ ಅದು ಅರ್ಧಸತ್ಯವೇ. ಏಕೆಂದರೆ ಉಳಿದರ್ಧವು ನಮ್ಮ ಮನೆಯ ಮಾತು.

೩. ನಮ್ಮ ಮನೆಯ ಮಾತು

ಹಾವೇರಿ ಜಿಲ್ಲೆಯ ಅಬ್ಬಲೂರಿನ ಸೋಮೇಶ್ವರ ದೇವಾಲಯದಲ್ಲಿ ಸುಮಾರು ಕ್ರಿ.ಶ. ೧೨೦೦ರ ದೊಡ್ಡ ಶಾಸನವೊಂದಿದೆ. ಏಕಾಂತದ ರಾಮಯ್ಯನು ಜೈನರೊಡನೆ ವಾದಕ್ಕೆ ನಿಂತದ್ದು, ತಲೆಯನ್ನು ಅರಿದಿಟ್ಟು ಮರಳಿ ಪಡೆದದ್ದು, ಜಿನಪ್ರತಿಮೆಯನ್ನು ಒಡೆದದ್ದು, ಕೊನೆಗೆ ಬಿಜ್ಜಳನಿಂದ ಜಯಪತ್ರ ಪಡೆದದ್ದು ಅದರಲ್ಲಿ ವರ್ಣಿತವಾಗಿವೆ. ಶಾಸನವು ಇದನ್ನು ಅಳುಕಿನಿಂದಲ್ಲ, ಅಭಿಮಾನದಿಂದ ಹೇಳುತ್ತದೆ. ಕಮಲ ಬಸದಿಯ ಕಾಲವೂ ಅಬ್ಬಲೂರಿನ ಶಾಸನದ ಕಾಲವೂ ಹೆಚ್ಚು ಕಡಿಮೆ ಒಂದೇ. ಬೆಳಗಾವಿಯಲ್ಲಿ ಜಿನಬಿಂಬಕ್ಕೆ ಕಮಲದ ಚಾವಣಿ ಏರುತ್ತಿದ್ದ ಕಾಲಕ್ಕೆ ಅಬ್ಬಲೂರಿನಲ್ಲಿ ಜಿನಬಿಂಬವನ್ನು ಒಡೆದ ಕಥೆಯು ಕಲ್ಲಿಗೇರಿತು. ವಚನಗಳಲ್ಲಿಯೂ ಪರಮತವನ್ನು ಕುರಿತ ಕಟುನುಡಿಗಳು ಇಲ್ಲದಿಲ್ಲ.

ಮೂವತ್ತು ವರ್ಷಗಳಿಗೂ ಮಿಕ್ಕಿ ವಚನಗಳನ್ನು ಪಾಠ ಹೇಳಿದ ನಾನು ತರಗತಿಯಲ್ಲಿ ಈ ಶಾಸನವನ್ನು ಒಮ್ಮೆಯೂ ಪ್ರಸ್ತಾಪಿಸಲಿಲ್ಲ. ಮಹಮೂದ ಗವಾನನ ಮುತ್ತಿಗೆಯನ್ನು ಮಾತ್ರ ಪ್ರತಿ ವರ್ಷವೂ ವಿಸ್ತಾರವಾಗಿ ವರ್ಣಿಸುತ್ತಿದ್ದೆ. ಇದು ನನ್ನ ಲೋಪ. ಪರರ ಕೈಯಿಂದಾದ ಭಂಗವನ್ನು ಎಣಿಸಿ ನಮ್ಮ ಕೈಯಿಂದಾದುದನ್ನು ಬಿಡುವವನು ಚರಿತ್ರಕಾರನಲ್ಲ, ಕೇವಲ ವಕೀಲನು. ಅಂತರಂಗಶುದ್ಧಿಯನ್ನು ಮೊದಲ ಪಾಠವಾಗಿ ಹೇಳಿಕೊಟ್ಟ ಶರಣರ ಪರಂಪರೆಗೆ ಸೇರಿದವರು ಈ ಲೆಕ್ಕವನ್ನು ತಮ್ಮಿಂದಲೇ ಆರಂಭಿಸಬೇಕಲ್ಲವೆ?

೪. ಹಲಸಿ ಮತ್ತು ಕಕ್ಕೇರಿ

ಬೆಳಗಾವಿಯ ಕೋಟೆಯ ಅರ್ಥವು ಖಾನಾಪುರ ತಾಲೂಕನ್ನು ಬಿಟ್ಟು ಪೂರ್ಣವಾಗುವುದಿಲ್ಲ. ಪಲಾಶಿಕಾ, ಪಲಸಿಗೆ ಎಂದು ಶಾಸನಗಳು ಹೇಳುವ ಹಲಸಿಯು ಈ ತಾಲೂಕಿನಲ್ಲಿದೆ. ಬನವಾಸಿಯ ಕದಂಬರಿಗೆ ಅದು ಎರಡನೆಯ ರಾಜಧಾನಿಯಾಗಿದ್ದಿತು. ಅಲ್ಲಿ ದೊರೆತ ತಾಮ್ರಪಟಗಳನ್ನು ಫ್ಲೀಟರು ೧೯ನೆಯ ಶತಮಾನದಲ್ಲಿ ಪ್ರಕಟಿಸಿದರು. ಕಾಕುತ್ಸ್ಥವರ್ಮನು ಸೇನಾಪತಿ ಶ್ರುತಕೀರ್ತಿಗೆ ಭೂಮಿಯನ್ನಿತ್ತದ್ದೂ, ಮೃಗೇಶವರ್ಮನು ತನ್ನ ತಂದೆಯ ಸ್ಮರಣೆಗಾಗಿ ಪಲಾಶಿಕೆಯಲ್ಲಿ ಜಿನಾಲಯ ಕಟ್ಟಿಸಿ ಯಾಪನೀಯ, ನಿರ್ಗ್ರಂಥ, ಕೂರ್ಚಕರಿಗೆ ದತ್ತಿ ಬಿಟ್ಟದ್ದೂ ಅವುಗಳಿಂದ ತಿಳಿದುಬರುತ್ತದೆ. ಈ ಪಟಗಳ ಭಾಷೆ ಸಂಸ್ಕೃತ. ಲಿಪಿಯಾದರೋ ನಮ್ಮ ಕನ್ನಡ ಲಿಪಿಯ ಪೂರ್ವರೂಪ. ಹಲಸಿಯಲ್ಲಿ ಸಂಸ್ಕೃತವು ಕನ್ನಡದ ಅಕ್ಷರಗಳ ಹಿರಿಯರನ್ನು ತೊಟ್ಟುಕೊಂಡಿತು; ಬೆಳಗಾವಿಯಲ್ಲಿ ಕನ್ನಡವು ನಾಗರಿಯನ್ನು ತೊಟ್ಟುಕೊಂಡಿತು. ಭಾಷೆಯು ಬೇರೆ, ಅದು ಉಡುವ ಬಟ್ಟೆ ಬೇರೆ ಎಂಬುದನ್ನು ಸುಮಾರು ಇಪ್ಪತ್ತೈದು ಮೈಲಿಗಳ ಒಳಗೇ ಕಲಿಸಿಕೊಡುವ ಇಂಥ ಸೀಮೆಯು ವಿರಳ.

ಇದೇ ಹಲಸಿಯಲ್ಲಿ ಗೋವೆಯ ಕದಂಬರ ಶಿವಚಿತ್ತ ಪೆರ್ಮಾಡಿಯ ಕಾಲದಲ್ಲಿ, ೧೧೬೯ರಲ್ಲಿ ನರಸಿಂಹನ ಪ್ರತಿಷ್ಠೆಯಾಯಿತು. ಅದುವೇ ಇಂದಿನ ಭೂವರಾಹ ನರಸಿಂಹ ದೇವಾಲಯ. ಅರಸನ ಹೆಸರು ಶಿವಚಿತ್ತ, ಅವನ ರಾಜ್ಯದಲ್ಲಿ ನೆಲೆಗೊಂಡ ದೇವರು ನರಸಿಂಹ.

ಆ ೧೧೬೯ ಎಂಬ ವರ್ಷವನ್ನು ವಾಚಕರು ಗಮನಿಸಬೇಕು. ಕಲ್ಯಾಣದಲ್ಲಿ ವಿಪ್ಲವವಾಗಿ ಶರಣರು ಚದುರಿದ್ದು ೧೧೬೭-೬೮ರ ಸುಮಾರಿಗೆ. ಚೆನ್ನಬಸವಣ್ಣನ ಮುಂದಾಳುತನದಲ್ಲಿ ಉಳವಿಯ ಕಡೆಗೆ ಹೊರಟ ಶರಣರು ಮಲಪ್ರಭೆಯ ಸೀಮೆಯನ್ನೂ ಖಾನಾಪುರದ ಕಾಡನ್ನೂ ಹಾಯ್ದು ಹೋದರೆಂದು ಪರಂಪರೆ ಹೇಳುತ್ತದೆ. ಹಲಸಿಯಲ್ಲಿ ಪ್ರತಿಷ್ಠೆಯ ಕಾಲವು ಸಮೀಪಿಸಿದ್ದಾಗ, ಅದೇ ನಾಡಿನ ಕಾಡುದಾರಿಯಲ್ಲಿ ವಚನದ ಕಟ್ಟುಗಳನ್ನು ಹೊತ್ತ ಶರಣರು ನಡೆದಿರಬೇಕು.

ಆ ದಾರಿಯಲ್ಲಿ ಬೆನ್ನಟ್ಟಿ ಬಂದ ಸೈನ್ಯವನ್ನು ತಡೆಯುತ್ತ ಡೋಹರ ಕಕ್ಕಯ್ಯನು ಲಿಂಗೈಕ್ಯನಾದ ಸ್ಥಳವೆಂದು ಭಕ್ತರು ನಂಬುವುದು ಖಾನಾಪುರ ತಾಲೂಕಿನ ಕಕ್ಕೇರಿಯನ್ನು. ಅವನ ಸಮಾಧಿಯು ಅಲ್ಲಿದೆ. ಕಕ್ಕಯ್ಯನು ತೊಗಲು ಹದಮಾಡುವ ಕಾಯಕದವನು, ಮಾಳವ ದೇಶದಿಂದ ಬಂದವನೆಂದು ಪ್ರತೀತಿ. 'ಅಭಿನವ ಮಲ್ಲಿಕಾರ್ಜುನ' ಅಂಕಿತದ ಆರು ವಚನಗಳು ಮಾತ್ರ ಅವನವೆಂದು ನಮಗೆ ದೊರೆತಿವೆ. ಅವನಿಗೆ ಕೋಟೆಯಿರಲಿಲ್ಲ, ಕಂದಕವಿರಲಿಲ್ಲ, ದತ್ತಿ ಬಿಟ್ಟ ಶಾಸನವಿಲ್ಲ. ಅವನು ಕಾದದ್ದು ಅರಮನೆಯನ್ನಲ್ಲ. ನಡೆದು ಹೋಗುತ್ತಿದ್ದ ಜನರನ್ನು ಮತ್ತು ಅವರು ಹೊತ್ತಿದ್ದ ಓಲೆಗಳನ್ನು.

ಸ್ಥಾವರ, ಜಂಗಮ ಎಂಬ ಎರಡು ಮಾತುಗಳನ್ನು ಬಸವಣ್ಣನವರು ಎದುರುಬದುರು ನಿಲ್ಲಿಸಿದ್ದನ್ನು ಎಲ್ಲರೂ ಬಲ್ಲರು. ಇದನ್ನು ಬೋಧಿಸುವಾಗ ನಾವು ಒಂದು ತಪ್ಪು ಮಾಡುತ್ತೇವೆ. ನಿಂತದ್ದೆಲ್ಲವೂ ಸ್ಥಾವರ, ಚಲಿಸುವುದೆಲ್ಲವೂ ಜಂಗಮ ಎಂದುಬಿಡುತ್ತೇವೆ. ಕೋಟೆಯ ಮೇಲೆ ದಂಡೆತ್ತಿ ಬಂದ ಸೈನ್ಯಗಳೂ ಚಲಿಸಿದವು, ಅವು ಜಂಗಮವಲ್ಲ. ಜಂಗಮತ್ವವು ಕಾಲಿನ ಚಲನೆಯಲ್ಲ, ಅರಿವಿನ ಚಲನೆ. ಕೋಟೆಯೆಂಬುದು 'ಇದು ನನ್ನದು, ನೀನು ಹೊರಗಿನವನು' ಎಂಬ ಭಾವವು ಕಲ್ಲಾಗಿ ನಿಂತ ರೂಪ. ಆ ಭಾವವೇ ನಿಜವಾದ ಸ್ಥಾವರ. ಅದು ಕಲ್ಲಿನಲ್ಲಿರುವುದಕ್ಕಿಂತ ಹೆಚ್ಚಾಗಿ ನಮ್ಮಲ್ಲಿದೆ.

೫. ಇತ್ತೀಚಿನ ಇನ್ನೂರು ವರ್ಷಗಳು

ಮೊಗಲರು, ಮರಾಠರು, ಹೈದರಾಲಿ ಇವರ ಕೈಗಳಲ್ಲಿ ಹಾಯ್ದು ಬಂದ ಕೋಟೆಯನ್ನು ೧೮೧೮ರ ಏಪ್ರಿಲ್ ೧೦ರಂದು, ಸುಮಾರು ಮೂರು ವಾರಗಳ ಮುತ್ತಿಗೆಯ ತರುವಾಯ, ಮನ್ರೋ ಸಾಹೇಬನು ಪೇಶವೆಯವರಿಂದ ಗೆದ್ದನು. ಆ ಮುತ್ತಿಗೆಯಲ್ಲಿ ಕಿತ್ತೂರಿನ ದೇಸಾಯಿಯವರು ಇಂಗ್ಲಿಷರಿಗೆ ನೆರವಾದರು; ಅದಕ್ಕೆ ಪ್ರತಿಯಾಗಿ ಅವರ ಸಂಸ್ಥಾನವು ಉಳಿಯಿತು. ಆರೇ ವರ್ಷಗಳಲ್ಲಿ, ೧೮೨೪ರ ಅಕ್ಟೋಬರ್ ೨೩ರಂದು, ಅದೇ ಕಿತ್ತೂರಿನ ಬಾಗಿಲಲ್ಲಿ ಥ್ಯಾಕರೆಯು ಹತನಾದನು. ಡಿಸೆಂಬರಿನಲ್ಲಿ ಕಿತ್ತೂರು ಬಿದ್ದಿತು. ಕಾಕತಿಯ ಮಗಳಾದ ರಾಣಿ ಚೆನ್ನಮ್ಮನು ೧೮೨೯ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಳು. ಸಂಗೊಳ್ಳಿ ರಾಯಣ್ಣನನ್ನು ೧೮೩೧ರಲ್ಲಿ ಖಾನಾಪುರ ತಾಲೂಕಿನ ನಂದಗಡದಲ್ಲಿ ಗಲ್ಲಿಗೇರಿಸಿದರು. ನೆರೆಯವನ ಕೋಟೆಯನ್ನು ಕೆಡವಲು ನೆರವಾದ ಮಾತ್ರದಿಂದ ನಮ್ಮ ಕೋಟೆಯು ಉಳಿಯುವುದಿಲ್ಲವೆಂಬ ನೀತಿಯು ಇಲ್ಲಿ ಎದ್ದು ಕಾಣುತ್ತದೆ.

೧೮೯೨ರ ಅಕ್ಟೋಬರಿನಲ್ಲಿ ಪರಿವ್ರಾಜಕರಾಗಿ ಬೆಳಗಾವಿಗೆ ಬಂದ ಸ್ವಾಮಿ ವಿವೇಕಾನಂದರು ಮೊದಲು ಮಹಾರಾಷ್ಟ್ರೀಯರಾದ ಭಾಟೆಯವರಲ್ಲಿಯೂ, ಆಮೇಲೆ ಅರಣ್ಯಾಧಿಕಾರಿಗಳಾಗಿದ್ದ ವಂಗೀಯ ಹರಿಪದ ಮಿತ್ರರಲ್ಲಿಯೂ ಇದ್ದರು. ಮಿತ್ರರ ಮನೆಯಿದ್ದ ಕೋಟೆಯ ಆವರಣದಲ್ಲಿ ಇಂದು ರಾಮಕೃಷ್ಣ ಆಶ್ರಮವಿದೆ. ೧೯೨೪ರ ಡಿಸೆಂಬರಿನಲ್ಲಿ ಗಾಂಧೀಜಿಯವರು ಅಧ್ಯಕ್ಷರಾದ ಏಕೈಕ ಕಾಂಗ್ರೆಸ್ ಅಧಿವೇಶನವು ಇದೇ ನಗರದಲ್ಲಿ ಜರುಗಿತು. ಅದೇ ಸಮಯದಲ್ಲಿ ಕರ್ನಾಟಕ ಏಕೀಕರಣ ಪರಿಷತ್ತೂ ಇಲ್ಲಿ ಸೇರಿತು.

ಇವೆಲ್ಲವೂ ಪ್ರಸಿದ್ಧವಾದ ಸಂಗತಿಗಳು. ಅಷ್ಟಾಗಿ ಯಾರೂ ನೆನೆಯದ ಇನ್ನೊಂದು ಸಂಗತಿಯನ್ನು ಹೇಳಬೇಕಾಗಿದೆ. ಅಧಿವೇಶನಕ್ಕೆ ಒಂದು ವರ್ಷ ಮೊದಲು, ೧೯೨೩ರಲ್ಲಿ, ವಿಜಾಪುರದ ಫ. ಗು. ಹಳಕಟ್ಟಿಯವರು ಊರೂರು ಅಲೆದು ಸಂಗ್ರಹಿಸಿದ ತಾಡೋಲೆಗಳಿಂದ ಸಿದ್ಧಪಡಿಸಿದ 'ವಚನಶಾಸ್ತ್ರಸಾರ'ದ ಮೊದಲ ಭಾಗವು ಅಚ್ಚಾಯಿತು. ಅದು ಅಚ್ಚಾದದ್ದು ಬೆಳಗಾವಿಯಲ್ಲಿ; ಮಹಾವೀರ ಪ್ರೆಸ್ಸಿನಲ್ಲಿ. ಕಕ್ಕಯ್ಯನಂಥವರು ಪ್ರಾಣ ಕೊಟ್ಟು ಕಾದ ಓಲೆಗಳು ಏಳೂವರೆ ಶತಮಾನಗಳ ತರುವಾಯ ಜನರ ಕೈಗೆ ಪುಸ್ತಕವಾಗಿ ಬಂದದ್ದು ಇಪ್ಪತ್ತನಾಲ್ಕನೆಯ ತೀರ್ಥಂಕರರ ಹೆಸರು ಹೊತ್ತ ಮುದ್ರಣಾಲಯದಿಂದ. ಅಬ್ಬಲೂರಿನ ಶಾಸನವನ್ನು ನೆನೆದಾಗ ನನಗಾಗುವ ಸಂಕೋಚಕ್ಕೆ ಸಮಾಧಾನ ಸಿಗುವುದು ಇಲ್ಲಿಯೇ. ಅಂದು ಎದುರುಬದುರಾಗಿ ನಿಂತವರ ಮಕ್ಕಳ ಮಕ್ಕಳು ಇಲ್ಲಿ ಒಂದೇ ಮೊಳೆಜೋಡಣೆಯ ಮುಂದೆ ಕುಳಿತರು.

೬. ಉತ್ತರ

೧೯೫೬ರ ನವೆಂಬರ್ ೧ರಂದು ಬೆಳಗಾವಿಯು ವಿಶಾಲ ಮೈಸೂರು ರಾಜ್ಯವನ್ನು ಸೇರಿತು. ಅಂದಿನಿಂದ ಗಡಿಯ ವಾದವು ನಡೆದೇ ಬಂದಿದೆ. ೨೦೦೪ರಲ್ಲಿ ಮಹಾರಾಷ್ಟ್ರವು ಸರ್ವೋಚ್ಚ ನ್ಯಾಯಾಲಯದ ಬಾಗಿಲು ತಟ್ಟಿತು. ೨೦೧೪ರ ನವೆಂಬರ್ ೧ರಿಂದ 'ಬೆಳಗಾವಿ' ಎಂಬುದೇ ಅಧಿಕೃತ ನಾಮವಾಯಿತು. ನಾನು ಕನ್ನಡದ ಮಾಸ್ತರ. ಈ ಊರು ಕರ್ನಾಟಕದ್ದೆಂಬುದರಲ್ಲಿ ನನಗೆ ಸಂದೇಹವಿಲ್ಲ. ಮಸೀದಿಯ ಕಂಬವೂ ಪಾರ್ಶ್ವಪಂಡಿತನ ಕಾವ್ಯವೂ ಆ ನಂಬಿಕೆಗೆ ಬಲವೇ ಆಗಿವೆ. ಆದರೆ ಊರು ನಮ್ಮದೆನ್ನುವುದಕ್ಕೂ ಊರಿನಲ್ಲಿ ಇತರರು ಹೊರಗಿನವರೆನ್ನುವುದಕ್ಕೂ ಅಂತರವಿದೆ. ಮೊದಲನೆಯದಕ್ಕೆ ಶಾಸನದ ಆಧಾರವುಂಟು. ಎರಡನೆಯದಕ್ಕೆ ಇಲ್ಲ. ಲಾಳರೂ ಮಲೆಯಾಳರೂ ದತ್ತಿ ಬಿಟ್ಟ ಕಲ್ಲು ಅದಕ್ಕೆ ಎದುರು ಸಾಕ್ಷಿ ನುಡಿಯುತ್ತದೆ.

ಕೋಟೆಯನ್ನು ನೋಡಲು ಹೋಗುವ ಭಕ್ತರೂ ವಿದ್ಯಾರ್ಥಿಗಳೂ ಬಾಗಿಲಿನ ಗಣಪತಿ, ದುರ್ಗೆಯರಿಗೆ ಕೈಮುಗಿದು, ಬಸದಿಯ ಕಮಲವನ್ನು ತಲೆಯೆತ್ತಿ ನೋಡಿ, ಮಸೀದಿಯಲ್ಲಿ ಕನ್ನಡದ ಕಂಬಗಳಿವೆಯೆಂಬುದನ್ನು ಸ್ಮರಿಸಿ, ಆಶ್ರಮದಲ್ಲಿ ಸ್ವಲ್ಪ ಹೊತ್ತು ಕುಳಿತು ಬರಲಿ. ಮರುದಿನ ಸಾಧ್ಯವಾದರೆ ಖಾನಾಪುರದ ಮಾರ್ಗವಾಗಿ ಹಲಸಿಗೂ ಕಕ್ಕೇರಿಗೂ ಹೋಗಲಿ. ಮಲಪ್ರಭೆಯು ಹುಟ್ಟುವುದು ಅದೇ ತಾಲೂಕಿನ ಕಣಕುಂಬಿಯಲ್ಲಿ. ಅವಳು ಕೃಷ್ಣೆಯನ್ನು ಕೂಡುವುದು ಕೂಡಲಸಂಗಮದಲ್ಲಿ. ಬಸವಣ್ಣನವರ ಅಂಕಿತದ ಆ ಸಂಗಮಕ್ಕೆ ನೀರು ಹೊರಡುವುದೇ ನಮ್ಮ ಈ ಕಾಡಿನಿಂದ. ದಾರಿಯಲ್ಲಿ ಆ ನೀರು ಯಾವ ಊರಿನ ಭಾಷೆಯನ್ನೂ ವಿಚಾರಿಸುವುದಿಲ್ಲ.

ಆ ಹುಡುಗನು ಈಗ ನಡುವಯಸ್ಸಿನವನಾಗಿರಬೇಕು. ಅವನಿಗೂ ಶಾಲೆಗೆ ಹೋಗುವ ಮಕ್ಕಳಿರಬಹುದು. ಎಲ್ಲಿಯಾದರೂ ಈ ಪುಟವು ಅವನ ಕಣ್ಣಿಗೆ ಬಿದ್ದರೆ, ತಡವಾಗಿಯಾದರೂ ನನ್ನ ಉತ್ತರವಿದು: ಅಪ್ಪಾ, ಕೋಟೆಯನ್ನು ತಮ್ಮದೆಂದು ಕಾದವರೆಲ್ಲರೂ ಅದನ್ನು ಕಳೆದುಕೊಂಡರು. ಅದರೊಳಗಿನ ಅಕ್ಷರವನ್ನು ಓದಿದವರು ಮಾತ್ರ ಏನನ್ನಾದರೂ ಮನೆಗೆ ಒಯ್ದರು. ನಿನ್ನ ಮಕ್ಕಳನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗು. ನಾನು ಅಂದು ಬಿಟ್ಟ ಅರ್ಧವನ್ನೂ ಸೇರಿಸಿ ಅವರಿಗೆ ಹೇಳು.